ಅಗಲದ ಅಲಾಯ್ ಹಾಕಿಸಿದ ಮೇಲೆ ಟಯರ್ ಉಜ್ಜುತ್ತಿದೆಯೇ? ಸೆಡಾನ್ ಕಾರುಗಳ ದೋಷ ನಿವಾರಣೆ ಕೈಪಿಡಿ

ಹಂಪ್ ಇಳಿಯುವಾಗ ಹಿಂದಿನಿಂದ ಗರ್ರೆನ್ನುವ ಸದ್ದು. ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಪ್ಲಾಸ್ಟಿಕ್ ಉಜ್ಜುವ ಸದ್ದು. ಸುರತ್ಕಲ್ ದಾಟಿ ಹೆದ್ದಾರಿ 66ರಲ್ಲಿ ವೇಗ 90 ಮುಟ್ಟಿದರೆ ನಡುಕ. ಮಳೆನೀರಿನಲ್ಲಿ ಬ್ರೇಕ್ ಒತ್ತಿದರೆ ಒಂದು ಬದಿಗೆ ಎಳೆತ. ಕಂಪನಿಯ ಚಕ್ರ ಬಿಚ್ಚಿ ಕಡಿಮೆ ಆಫ್‌ಸೆಟ್‌ನ ಅಗಲದ ಅಲಾಯ್ ಹಾಕಿಸಿದವರ ದೂರುಗಳು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಆದರೆ ಹಲವು ಕಡೆ ಎಲ್ಲದಕ್ಕೂ ಒಂದೇ ಮದ್ದು ಹೇಳುತ್ತಾರೆ: "ಮಡ್‌ಗಾರ್ಡ್ ಲಿಪ್ ಸ್ವಲ್ಪ ಕಟ್ ಮಾಡುವ." ಲಿಪ್ ಎಂದರೆ ಚಕ್ರದ ಗೂಡಿನ ಅಂಚಿನಲ್ಲಿ ಒಳಗೆ ಚಾಚಿದ ತಗಡು. ಟಯರ್ ಎಲ್ಲಿ ತಾಗುತ್ತಿದೆ, ಎಷ್ಟು ಮಿಲಿಮೀಟರ್ ತಾಗುತ್ತಿದೆ ಎಂದು ಗೊತ್ತಾಗುವ ಮೊದಲು ಗ್ರೈಂಡರ್ ಎತ್ತಲು ಬಿಡಬೇಡಿ. ಕತ್ತರಿಸಿದ ತಗಡನ್ನು ಮತ್ತೆ ಅಂಟಿಸಲಾಗದು.

ಮೊದಲು ಲೆಕ್ಕ

ರಿಮ್ಮಿನ ಹಿಂಬದಿಯಲ್ಲಿ, ಸ್ಪೋಕ್‌ನ ಒಳಮೈಯಲ್ಲಿ, 7ಜೆ, ಇಟಿ38 ಎಂಬಂಥ ಅಚ್ಚು ಇರುತ್ತದೆ. 7ಜೆ ಎಂದರೆ ರಿಮ್ಮಿನ ಅಗಲ 7 ಇಂಚು. ಇಟಿ ಎಂದರೆ ಆಫ್‌ಸೆಟ್: ರಿಮ್ಮಿನ ನಡುಗೆರೆಯಿಂದ, ಹಬ್‌ಗೆ (ಚಕ್ರವನ್ನು ಬಿಗಿಯುವ ಕಾರಿನ ಭಾಗಕ್ಕೆ) ಕೂರುವ ಮೈ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಲೆಕ್ಕ. ಇಟಿ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಹೊರಗೆ ಬರುತ್ತದೆ.

ಹಬ್ ಮೈಯಿಂದ ರಿಮ್ಮಿನ ಹೊರ ಅಂಚಿಗೆ ಇರುವ ದೂರ: ಅಗಲದ ಅರ್ಧದಿಂದ ಇಟಿ ಕಳೆಯಿರಿ. ಒಳ ಅಂಚಿಗೆ ಇರುವ ದೂರ: ಅಗಲದ ಅರ್ಧಕ್ಕೆ ಇಟಿ ಕೂಡಿಸಿ. ಕಾರಿನಲ್ಲಿ ಮೊದಲಿದ್ದದ್ದು 6ಜೆ ಇಟಿ45, ಈಗ ಹಾಕಿದ್ದು 7.5ಜೆ ಇಟಿ30 ಎಂದುಕೊಳ್ಳಿ. 6 ಇಂಚಿನ ಅರ್ಧ 76.2 ಮಿ.ಮೀ. ಅದರಲ್ಲಿ 45 ಕಳೆದರೆ 31.2. ಏಳೂವರೆ ಇಂಚಿನ ಅರ್ಧ 95.25. ಅದರಲ್ಲಿ 30 ಕಳೆದರೆ 65.25. ಹೊರ ಅಂಚು 34 ಮಿ.ಮೀ. ಆಚೆ ಬಂತು. ಒಳಗೆ 121.2 ಇದ್ದದ್ದು 125.25 ಆಯಿತು, ಅಂದರೆ ಸ್ಟ್ರಟ್ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ಕಡೆಗೆ 4 ಮಿ.ಮೀ. ಸರಿಯಿತು. "ಬರೀ 15ರ ವ್ಯತ್ಯಾಸ ಅಲ್ವಾ" ಎಂದು ಇಟಿಯನ್ನಷ್ಟೇ ನೋಡಿ ಕೊಂಡವರು ಮೋಸ ಹೋಗುವುದು ಇಲ್ಲೇ. ಅಗಲ ಹೆಚ್ಚಿದ್ದನ್ನೂ ಸೇರಿಸಿದರೆ ಆ 15 ಎಂಬುದು 34 ಆಗಿರುತ್ತದೆ. ಅದೇ ಕಾರಿಗೆ 6.5ಜೆ ಇಟಿ42 ಹಾಕಿದ್ದರೆ ಹೊರಗೆ ಬರುತ್ತಿದ್ದದ್ದು ಸುಮಾರು 9 ಮಿ.ಮೀ. ಮಾತ್ರ.

ಅಚ್ಚು ಅಳಿಸಿಹೋಗಿದ್ದರೆ ಅಥವಾ ಅದರ ಮೇಲೆ ನಂಬಿಕೆ ಇಲ್ಲದಿದ್ದರೆ ಅಳೆಯುವುದು ಸುಲಭ. ಟಯರ್ ಬಿಚ್ಚಿದ ರಿಮ್ಮನ್ನು ಮುಖ ಕೆಳಗೆ ಮಾಡಿ ಸಮತಟ್ಟು ನೆಲದಲ್ಲಿಡಿ. ಸ್ಪೋಕ್ ಅಂಚಿಗಿಂತ ಉಬ್ಬಿದ್ದರೆ ರಿಮ್ಮಿನ ಅಂಚಿನಡಿ ಮೂರು ಕಡೆ ಒಂದೇ ದಪ್ಪದ ಕಟ್ಟಿಗೆ ತುಂಡು ಕೊಡಿ. ಹಿಂಬದಿಯ ಅಂಚಿಗೆ ಅಡ್ಡಲಾಗಿ ನೇರವಾದ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ ಮೈವರೆಗಿನ ಆಳ ಅಳೆಯಿರಿ. ಈ ಆಳದಿಂದ ರಿಮ್ಮಿನ ಒಟ್ಟು ಅಗಲದ ಅರ್ಧ ಕಳೆದರೆ ಉಳಿಯುವುದೇ ಇಟಿ. ಒಟ್ಟು ಅಗಲ ಜೆ ಅಳತೆಗಿಂತ ಸುಮಾರು 25 ಮಿ.ಮೀ. ಹೆಚ್ಚಿರುತ್ತದೆ, ಎರಡೂ ಬದಿಯ ಅಂಚುಗಳ ದಪ್ಪ ಅದು. 7ಜೆ ರಿಮ್ಮಿನ ಒಟ್ಟು ಅಗಲ 203, ಅರ್ಧ 101.5. ಆಳ 139.5 ಬಂದರೆ ಇಟಿ 38.

ಟಯರ್‌ನ ಎತ್ತರವನ್ನೂ ಲೆಕ್ಕ ಹಾಕಿ. 185/55 ಆರ್16ರ (ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು) ಒಟ್ಟು ವ್ಯಾಸ ಸುಮಾರು 610 ಮಿ.ಮೀ. 205/45 ಆರ್17 ಹಾಕಿದರೆ 616, ಶೇಕಡಾ 1ರಷ್ಟು ಹೆಚ್ಚು. ಇದು ಸರಿ. 215/45 ಆರ್17 ಹಾಕಿದರೆ 625, ಅಂದರೆ ಎಲ್ಲ ದಿಕ್ಕಿಗೂ ಏಳೂವರೆ ಮಿ.ಮೀ. ಹೆಚ್ಚು. ಆಫ್‌ಸೆಟ್ ಸರಿಯಿದ್ದೂ ಟಯರ್ ತಾಗುತ್ತಿದ್ದರೆ ಇಲ್ಲಿ ನೋಡಿ. ಟಯರ್ ಎಷ್ಟು ತೂಕ ಹೊರಬಲ್ಲದು ಎಂದು ತಿಳಿಸುವ ಲೋಡ್ ಇಂಡೆಕ್ಸ್ ಕಂಪನಿಯ ಟಯರ್‌ಗಿಂತ ಕಡಿಮೆ ಇರಕೂಡದು: 83 ಎಂದರೆ 487 ಕೆಜಿ, 88 ಎಂದರೆ 560 ಕೆಜಿ.

ತಾಗುವ ಜಾಗ ಹುಡುಕುವುದು

ಬೇಕಾಗುವುದು ಚಾಕ್, ಮಾಸ್ಕಿಂಗ್ ಟೇಪ್, ಮಕ್ಕಳು ಆಟಕ್ಕೆ ಬಳಸುವ ಬಣ್ಣದ ಕ್ಲೇ, ಟಾರ್ಚ್, ಸ್ಟೀಲ್ ಸ್ಕೇಲ್, ದಾರಕ್ಕೆ ಕಟ್ಟಿದ ಒಂದು ನಟ್. ಕಾರಿನಡಿ ಕೈ ಹಾಕುವ ಮೊದಲು ಜಾಕ್ ಜೊತೆಗೆ ಸ್ಟ್ಯಾಂಡ್ ಕೊಡಿ. ಜಾಕ್ ಒಂದನ್ನೇ ನಂಬಬೇಡಿ.

ಮಳೆಗಾಲದಲ್ಲಾದರೆ ನಮ್ಮ ಕೆಂಪು ಮಣ್ಣೇ ಅರ್ಧ ಕೆಲಸ ಮಾಡಿಕೊಡುತ್ತದೆ. ಒಂದು ವಾರ ತೊಳೆಯದೆ ಓಡಿಸಿದ ಕಾರಿನ ಚಕ್ರದ ಗೂಡಿಗೆ ಟಾರ್ಚ್ ಬಿಟ್ಟು ನೋಡಿ. ಲೈನರ್ (ಗೂಡಿನೊಳಗಿನ ಪ್ಲಾಸ್ಟಿಕ್ ಹೊದಿಕೆ) ತುಂಬ ಮುರ ಮಣ್ಣಿನ ಕೆಂಪು ಪದರ ಒಣಗಿ ಕೂತಿರುತ್ತದೆ. ಅದರ ನಡುವೆ ಎಲ್ಲೋ ಒಂದು ಕಡೆ ಬಾಲಚಂದ್ರನ ಆಕಾರದಲ್ಲಿ ಪ್ಲಾಸ್ಟಿಕ್ ಕಪ್ಪಗೆ, ನುಣ್ಣಗೆ ಹೊಳೆಯುತ್ತದೆ. ಟಯರ್ ತಾಗಿದ್ದು ಅಲ್ಲೇ. ಬೇಸಿಗೆಯಲ್ಲಾದರೆ ಟಯರ್‌ನ ಹೊರ ಭುಜಕ್ಕೆ ಸುತ್ತಲೂ ಚಾಕ್ ಬಳಿಯಿರಿ, ಲಿಪ್‌ನ ಒಳಗೆ ಟೇಪ್ ಅಂಟಿಸಿ. ಚಾಕ್ ಟೇಪಿಗೆ ಹತ್ತಿದ ಜಾಗವೇ ಗುರುತು. ತಾಗುತ್ತಿಲ್ಲ, ಆದರೆ ಎಷ್ಟು ಹತ್ತಿರ ಬರುತ್ತಿದೆ ಎಂದು ತಿಳಿಯಬೇಕಿದ್ದರೆ ಕ್ಲೇ ಉಂಡೆ ಅಂಟಿಸಿ ಓಡಿಸಿ. ಟಯರ್ ಒತ್ತಿದ ಮೇಲೆ ಉಳಿದ ಕ್ಲೇ ದಪ್ಪವೇ ನಿಮಗಿರುವ ಅಂತರ.

ಲಿಪ್‌ನ ಅಂಚಿನಿಂದ ನಟ್ ಕಟ್ಟಿದ ದಾರ ಇಳಿಬಿಟ್ಟರೆ ಟಯರ್ ಲಿಪ್‌ಗಿಂತ ಒಳಗಿದೆಯೋ ಹೊರಗಿದೆಯೋ ಕಣ್ಣಿಗೇ ಕಾಣುತ್ತದೆ. ನೇರ ನಿಂತ ಕಾರಿನಲ್ಲಿ ದಾರ ಟಯರ್‌ನ ಭುಜಕ್ಕೆ ತಾಗುತ್ತಿದ್ದರೆ, ಜನ ಕೂತಾಗ ಹಿಂದೆ ತಾಗಿಯೇ ತಾಗುತ್ತದೆ.

ಸದ್ದು ಹಿಂದಿನಿಂದ, ಹಂಪ್ ಮೇಲೆ, ಜನ ತುಂಬಿದಾಗ

ಕರಾವಳಿಯಲ್ಲಿ ಇದೇ ಹೆಚ್ಚು. ಕಾಂಕ್ರೀಟ್ ರಸ್ತೆ ಮುಗಿದು ಡಾಂಬರಿಗೆ ಇಳಿಯುವ ಅಂಚು, ಮಣಿಪಾಲದ ಇಳಿಜಾರಿನ ಹಂಪ್, ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಸಾಮಾನು. ಹೋಂಡಾ ಸಿಟಿ, ವರ್ನಾ, ಸಿಯಾಜ್, ಸ್ಲಾವಿಯಾ, ವರ್ಟಸ್ ಎಲ್ಲದರಲ್ಲೂ ಹಿಂದೆ ಟಾರ್ಷನ್ ಬೀಮ್ ಇದೆ, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡತೊಲೆ. ಸ್ಪ್ರಿಂಗ್ ಕುಗ್ಗುವಾಗ ಚಕ್ರ ಮೇಲೇಳುತ್ತದೆಯೇ ಹೊರತು ಅದರ ತಲೆ ಒಳಕ್ಕೆ ಹೆಚ್ಚು ವಾಲುವುದಿಲ್ಲ. ಹಾಗಾಗಿ ಲಿಪ್‌ಗಿಂತ ಹೊರಗಿರುವ ಭುಜ ಮೇಲೇಳುತ್ತಿದ್ದಂತೆ ಲಿಪ್‌ನ ಚೂಪು ಅಂಚು ಅದನ್ನು ಕೊಯ್ಯುತ್ತದೆ. ಟಯರ್‌ನ ಹೊರ ಭುಜದಲ್ಲಿ ಬ್ಲೇಡಿನಿಂದ ಗೀರಿದಂಥ ಸಣ್ಣ ವರ್ತುಲ ಕಂಡರೆ ಇದೇ ದೋಷ. ಆ ಗೀರಿನೊಳಗೆ ಟಯರ್‌ನ ಒಳನೂಲು ಕಾಣುತ್ತಿದ್ದರೆ ಟಯರ್ ಮುಗಿಯಿತು, ಬದಲಿಸಿ.

ಪರೀಕ್ಷೆಗೆ ರಸ್ತೆಗೆ ಹೋಗಬೇಕಿಲ್ಲ. ಅಂಗಳದಲ್ಲೇ ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಎರಡನ್ನೂ ಗಟ್ಟಿಯಾದ 12ರಿಂದ 15 ಸೆಂ.ಮೀ. ಎತ್ತರದ ಮರದ ಹಲಗೆಗಳ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನೆಲದಲ್ಲಿರುವ ಚಕ್ರಗಳಿಗೆ ಕಲ್ಲು ಕೊಡಿ. ಹಿಂದೆ ಇಬ್ಬರನ್ನು ಕೂರಿಸಿ. ಹಿಂದಿನ ಬಲಚಕ್ರ ಗೂಡಿನೊಳಗೆ ಸೇರಿಕೊಂಡಿರುತ್ತದೆ. ಲಿಪ್‌ಗೂ ಟಯರ್‌ಗೂ ನಡುವೆ ಸ್ಕೇಲ್ ತೂರಿಸಿ ಅಳೆಯಿರಿ. ಆಮೇಲೆ ಎಡ-ಬಲ ಅದಲುಬದಲು ಮಾಡಿ ಇನ್ನೊಂದು ಬದಿ ನೋಡಿ. ಬೀಮ್ ಒಂದೆರಡು ಮಿ.ಮೀ. ಒಂದು ಬದಿಗೆ ಸರಿದು ಕೂತಿರುವುದು ಸಾಮಾನ್ಯ, ಆದ್ದರಿಂದ ಒಂದೇ ಬದಿ ತಾಗುವುದೂ ಸಾಮಾನ್ಯ.

ತಾಗುವುದು 5 ಮಿ.ಮೀ. ಒಳಗಿದ್ದರೆ ಒಂದು ಸೈಜ್ ಕಿರಿದಾದ ಟಯರ್‌ನಲ್ಲೇ ಮುಗಿಯಬಹುದು. ಆದರೆ ರಿಮ್ಮಿಗೆ ಟಯರ್ ಹೊಂದಬೇಕು: 195/50 ಆರ್16 ಟಯರ್ 5.5ರಿಂದ 7 ಇಂಚಿನ ರಿಮ್ಮಿಗೆ, 205/45 ಆರ್17 ಟಯರ್ 6.5ರಿಂದ 7.5 ಇಂಚಿಗೆ. ಕಿರಿದಾದ ಟಯರನ್ನು 8 ಇಂಚಿನ ರಿಮ್ಮಿಗೆ ಎಳೆದು ಕೂರಿಸುವ ಪದ್ಧತಿ ಇದೆ. ನೋಡಲು ಚೆಂದ ಕಾಣಬಹುದು, ಆದರೆ ಹೊಂಡಕ್ಕೆ ಬಿದ್ದಾಗ ಬೀಡ್ (ರಿಮ್ಮಿಗೆ ಕೂರುವ ಟಯರ್‌ನ ಅಂಚು) ರಿಮ್ಮಿನಿಂದ ಜಾರಿದರೆ ಗಾಳಿ ಒಂದೇ ಕ್ಷಣದಲ್ಲಿ ಹೋಗುತ್ತದೆ. ನಮ್ಮ ಮಳೆಗಾಲದ ರಸ್ತೆಗೆ ಅದು ಖಂಡಿತ ಬೇಡ.

5ರಿಂದ 10 ಮಿ.ಮೀ. ಇದ್ದರೆ ಲಿಪ್ ಮಡಚಿಸಬಹುದು, ಅಂದರೆ ಒಳಗೆ ಚಾಚಿರುವ ಅಂಚನ್ನು ರೋಲರ್‌ನಿಂದ ಮೇಲಕ್ಕೆ ಒರಗಿಸುವುದು. ಹೀಟ್ ಗನ್‌ನಿಂದ ಪೇಂಟ್ ಚೆನ್ನಾಗಿ ಬಿಸಿಯಾಗುವವರೆಗೆ, ಸುಮಾರು 60 ಡಿಗ್ರಿಗೆ, ಕಾಯಿಸಿ. ಒಂದೇ ಸಲಕ್ಕೆ ಪೂರ್ತಿ ಒರಗಿಸದೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಬಿಸಿ ಸಾಲದಿದ್ದರೆ ಪೇಂಟ್ ಬಿರಿಯುತ್ತದೆ. ಹಿಂದಿನ ಲಿಪ್ ಎಂದರೆ ಒಳ ತಗಡು, ಹೊರ ತಗಡು ಎರಡನ್ನೂ ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಅಂಚು. ಅದನ್ನು ಕತ್ತರಿಸಿದರೆ ಜೋಡಣೆ ಬಾಯಿ ಬಿಡುತ್ತದೆ, ನೀರು ತಗಡುಗಳ ನಡುವೆ ಇಳಿಯುತ್ತದೆ. ಪಣಂಬೂರು, ಮಲ್ಪೆ ಕಡೆಯ ಉಪ್ಪುಗಾಳಿಯಲ್ಲಿ ಆ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಒಳಗೆ ತಗಡೇ ಉಳಿದಿರುವುದಿಲ್ಲ. ಆದ್ದರಿಂದ ಕರಾವಳಿಯ ಕಾರಿನಲ್ಲಿ ಲಿಪ್ ಮಡಚಬಹುದು, ಕತ್ತರಿಸಕೂಡದು. ಮಡಚಿದ ಮೇಲೂ ಜೋಡಣೆಗೆ ಸೀಮ್ ಸೀಲರ್ ಹಚ್ಚಿ, ಅದರ ಮೇಲೆ ಆಂಟಿ-ರಸ್ಟ್ ಕೋಟಿಂಗ್ ಹೊಡೆಸಿ.

10 ಮಿ.ಮೀ.ಗಿಂತ ಹೆಚ್ಚು ತಾಗುತ್ತಿದ್ದರೆ ಆ ರಿಮ್ ಆ ಕಾರಿಗಲ್ಲ. ಹಿಂದಿನ ಸ್ಪ್ರಿಂಗ್‌ಗೆ ರಬ್ಬರ್ ಬಫರ್ ಹಾಕಿ ಎತ್ತರಿಸುವ ಸಲಹೆ ಬರುತ್ತದೆ. ಅದು ಸದ್ದನ್ನು ಕೆಲವು ದಿನ ಮುಂದೂಡುತ್ತದೆ, ಅಷ್ಟೇ.

ಸದ್ದು ಮುಂದಿನಿಂದ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ

ಚಕ್ರ ಹೊರಗೆ ಬಂದಷ್ಟೂ, ತಿರುಗುವಾಗ ಅದು ಬಳಸುವ ವೃತ್ತ ದೊಡ್ಡದಾಗುತ್ತದೆ. ಮುಂದೆ ಬಂಪರ್ ಮತ್ತು ಲೈನರ್ ಸೇರುವ ಮೂಲೆ, ಹಿಂದೆ ಬಾಗಿಲ ಕಡೆಯ ಲೈನರ್, ಇವೆರಡರಲ್ಲಿ ಒಂದಕ್ಕೆ ತಾಗುತ್ತದೆ. ಕಾರು ನೆಲದ ಮೇಲಿದ್ದು ನಿಧಾನಕ್ಕೆ ಉರುಳುವಾಗಲೇ ನೋಡಬೇಕು. ಜಾಕ್ ಏರಿಸಿ ತಿರುಗಿಸಿದರೆ ಚಕ್ರ ಕೆಳಗೆ ಜೋತು ಬಿದ್ದು ಸುಳ್ಳು ಅಂತರ ತೋರಿಸುತ್ತದೆ. ಎಡಕ್ಕೆ ಪೂರ್ತಿ ತಿರುಗಿಸಿ ಮುಂದೆ ಮೂರು ಮೀಟರ್, ಹಿಂದೆ ಮೂರು ಮೀಟರ್, ಬಲಕ್ಕೂ ಹಾಗೆಯೇ.

ತಾಗುವುದು ಬರೀ ಲೈನರ್‌ಗಾದರೆ ಹೆದರಬೇಕಾಗಿಲ್ಲ. ಕ್ಲಿಪ್ ಸಡಿಲಾಗಿ ಲೈನರ್ ಮುಂದಕ್ಕೆ ಜೋತಿರಬಹುದು, ಹೊಸ ಕ್ಲಿಪ್ ಹಾಕಿ. ಇಲ್ಲವಾದರೆ ಹೀಟ್ ಗನ್ ಹಿಡಿದು ಲೈನರನ್ನು ಹಿಂದಕ್ಕೆ ಒತ್ತಿ ಆಕಾರ ಕೊಡಿ. ಲೈನರ್ ತೆಗೆದುಬಿಡುವುದು ತಪ್ಪು: ಅದರ ಹಿಂದೆ ವೈರಿಂಗ್ ಮತ್ತು ವಾಷರ್ ಟ್ಯಾಂಕ್ ಇರುತ್ತವೆ.

ಒಳಬದಿ ತಾಗುವುದು ಇದಕ್ಕೆ ವಿರುದ್ಧವಾದ ದೋಷ. ರಿಮ್ ಅಗಲವಾಗಿದೆ, ಇಟಿ ಮೊದಲಿನಷ್ಟೇ ಇದೆ, ಆಗ ಟಯರ್ ಸ್ಟ್ರಟ್‌ಗೆ ಉಜ್ಜುತ್ತದೆ. ಸ್ಟ್ರಟ್‌ನ ಮೇಲೆ ಪೇಂಟ್ ಹೋಗಿ ಬೆಳ್ಳಗೆ ಹೊಳೆಯುವ ಪಟ್ಟಿ, ಟಯರ್‌ನ ಒಳಗೋಡೆಯಲ್ಲಿ ಅದಕ್ಕೆ ಸರಿಯಾಗಿ ನುಣುಪಾದ ವರ್ತುಲ. ಟಯರ್‌ಗೂ ಸ್ಟ್ರಟ್‌ಗೂ ನಡುವೆ ಒಂದು ಪೆನ್ಸಿಲ್ ಸರಾಗವಾಗಿ ಹೋಗಬೇಕು. ಹೋಗದಿದ್ದರೆ ಹಬ್‌ಗೂ ರಿಮ್ಮಿಗೂ ನಡುವೆ 3 ಅಥವಾ 5 ಮಿ.ಮೀ. ಸ್ಪೇಸರ್ ತಟ್ಟೆ ಹಾಕಬಹುದು, ಆದರೆ ನಟ್ ಎಷ್ಟು ಸುತ್ತು ಹಿಡಿಯುತ್ತದೆ ಎಂದು ಎಣಿಸಿದ ಮೇಲೆ.

90ರ ನಡುಕ

ಇದಕ್ಕೆ ಆಫ್‌ಸೆಟ್ ಕಾರಣ ಅಲ್ಲ. ಅಲಾಯ್‌ನ ನಡುವಿನ ತೂತು ಹಲವು ಕಾರಿಗೆ ಹೊಂದಲೆಂದು 73.1 ಅಥವಾ 67.1 ಮಿ.ಮೀ. ಇಟ್ಟಿರುತ್ತಾರೆ. ಸಿಟಿಯ ಹಬ್ 56.1, ವರ್ನಾ ಮತ್ತು ಸಿಯಾಜ್ 54.1, ಸ್ಲಾವಿಯಾ ಮತ್ತು ವರ್ಟಸ್ 57.1. ನಡುವಿನ ಖಾಲಿ ತುಂಬಲು ಹಬ್ ರಿಂಗ್ ಬೇಕು. ರಿಂಗ್ ಇಲ್ಲದಿದ್ದರೆ ಚಕ್ರ ಒಂದು ಕೂದಲೆಳೆ ಪಕ್ಕಕ್ಕೆ ಕೂತರೂ ಸಾಕು, ಬ್ಯಾಲೆನ್ಸಿಂಗ್ ಮಷಿನ್‌ನಲ್ಲಿ ಸೊನ್ನೆ ತೋರಿಸಿದ ಚಕ್ರ ಹೆದ್ದಾರಿಯಲ್ಲಿ ನಡುಗುತ್ತದೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿಯೂ ನಡುಕ ಹೋಗಲಿಲ್ಲ ಎಂದರೆ ಮೊದಲು ರಿಂಗ್ ಇದೆಯೇ ನೋಡಿ.

ರಿಂಗ್ ಯಾವುದು ಒಳ್ಳೆಯದು? ಅಲ್ಯೂಮಿನಿಯಂ ರಿಂಗ್ ಉಪ್ಪುಗಾಳಿಗೆ ಕಬ್ಬಿಣದ ಹಬ್ ಮೇಲೆ ಕಚ್ಚಿಕೊಂಡುಬಿಡುತ್ತದೆ, ವರ್ಷ ಕಳೆದರೆ ಚಕ್ರ ಬಿಚ್ಚಲು ಸುತ್ತಿಗೆ ಬೇಕು. ಪ್ಲಾಸ್ಟಿಕ್ ರಿಂಗ್ ಕಚ್ಚುವುದಿಲ್ಲ, ಆದರೆ ಚಾರ್ಮಾಡಿ ಅಥವಾ ಆಗುಂಬೆ ಇಳಿಯುವಾಗ ಬ್ರೇಕ್ ಕಾದರೆ ಮೆತ್ತಗಾಗಬಹುದು. ಊರೊಳಗೆ ಓಡಾಡುವವರಿಗೆ ಪ್ಲಾಸ್ಟಿಕ್ ಸಾಕು. ವಾರವಾರ ಘಾಟಿ ಹತ್ತಿ ಇಳಿಯುವವರು ಅಲ್ಯೂಮಿನಿಯಂ ಹಾಕಿ, ಹಬ್‌ನ ಮೂತಿಗೆ ತೆಳುವಾಗಿ ಗ್ರೀಸ್ ಸವರಿ, ಆರು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ. ಗ್ರೀಸ್ ಸ್ಟಡ್‌ಗೂ (ನಟ್ ಬಿಗಿಯುವ ತಿರುಪು ಕಡ್ಡಿಗೂ) ಚಕ್ರ ಕೂರುವ ಮೈಗೂ ತಾಗಬಾರದು.

ರಿಂಗ್ ಇದ್ದೂ ನಡುಕವಿದ್ದರೆ ಹಬ್ ಮೈಯ ತುಕ್ಕಿನ ಪೊರೆಯನ್ನು ತಂತಿ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ನಡುಕ ಸ್ಟೇರಿಂಗ್‌ನಲ್ಲಿದ್ದರೆ ಮುಂದಿನ ಚಕ್ರ, ಸೀಟಿನಲ್ಲಿದ್ದರೆ ಹಿಂದಿನದ್ದು, ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್. ರಿಮ್ಮಿನ ಒಳ ಅಂಚು ಹೊಂಡಕ್ಕೆ ಬಿದ್ದು ಬಾಗಿರುವುದು ಹೊರಗಿನಿಂದ ಕಾಣದು, ಮಷಿನ್‌ನಲ್ಲಿ ತಿರುಗಿಸುವಾಗ ಹಿಂದೆ ನಿಂತು ನೋಡಿ.

ನಟ್ ಸಡಿಲಾಗುವುದು

ಈ ದೋಷ ಕಂಡರೆ ಕಾರು ಓಡಿಸಬೇಡಿ. ನಿಧಾನ ವೇಗದಲ್ಲಿ ಚಕ್ರದಿಂದ ಟಕ್ ಟಕ್ ಎಂದು ಕೇಳಿಸುತ್ತದೆ, ನಟ್ ತೂತಿನ ಸುತ್ತ ಕಪ್ಪು ಪುಡಿ ಕಾಣುತ್ತದೆ. ಕಾರಣ ಹೆಚ್ಚಾಗಿ ನಟ್‌ನ ತಳದ ಆಕಾರ. ಹೋಂಡಾ ಕಂಪನಿ ನಟ್‌ನ ತಳ ಗೋಲಿಯಂತೆ ದುಂಡು, ಹೊರಗಿನ ಅಲಾಯ್‌ನ ಕುಳಿ ಸಾಮಾನ್ಯವಾಗಿ 60 ಡಿಗ್ರಿಯ ಶಂಕು. ದುಂಡು ನಟ್ ಶಂಕುವಿನಲ್ಲಿ ಒಂದು ಗೆರೆಯಷ್ಟೇ ಹಿಡಿಯುತ್ತದೆ. ಬಿಗಿ ಮಾಡಿದಾಗ ಬಿಗಿಯಾದಂತೆಯೇ ಅನಿಸುತ್ತದೆ, ಆದರೆ ನಿಲ್ಲುವುದಿಲ್ಲ. ನಟ್‌ನ ತಳಕ್ಕೆ ಬಣ್ಣ ಸವರಿ ಕೈಯಲ್ಲಿ ಬಿಗಿದು ಬಿಚ್ಚಿ ನೋಡಿ: ಕುಳಿಯ ಅಗಲಕ್ಕೂ ಬಣ್ಣ ಹತ್ತಬೇಕು, ತೆಳು ಗೆರೆ ಮಾತ್ರ ಬಂದರೆ ನಟ್ ಬದಲಿಸಿ. ಫೋಕ್ಸ್‌ವ್ಯಾಗನ್, ಸ್ಕೋಡಾದ ಬೋಲ್ಟ್‌ಗಳೂ ದುಂಡು ತಳದವೇ.

ಥ್ರೆಡ್ ಕೂಡ ನೋಡಿ. ಸಿಟಿ ಮತ್ತು ವರ್ನಾಗೆ ಎಂ12 (ವ್ಯಾಸ 12 ಮಿ.ಮೀ.), 1.5 ಪಿಚ್ (ಥ್ರೆಡ್‌ನ ಎಳೆಗಳ ನಡುವಿನ ಅಂತರ, ಮಿ.ಮೀ.ನಲ್ಲಿ). ಸಿಯಾಜ್‌ಗೆ ಎಂ12, 1.25 ಪಿಚ್. ತಪ್ಪಾದ ನಟ್ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಇಂಪ್ಯಾಕ್ಟ್ ಗನ್ ಅದನ್ನೂ ಒಳಗೆ ನುಗ್ಗಿಸುತ್ತದೆ, ಸ್ಟಡ್ ಹಾಳು. ಮೊದಲ ಸುತ್ತುಗಳು ಬೆರಳಿನಲ್ಲೇ ಹೋಗಬೇಕು. ಒಟ್ಟು ಹಿಡಿತ ಕನಿಷ್ಠ ಸ್ಟಡ್‌ನ ವ್ಯಾಸದಷ್ಟಿರಬೇಕು: 1.5 ಪಿಚ್‌ಗೆ 8 ಪೂರ್ಣ ಸುತ್ತು, 1.25ಕ್ಕೆ 10. ಸ್ಪೇಸರ್ ಹಾಕಿದ ಮೇಲೆ ಆರೇ ಸುತ್ತು ಬಂದರೆ ಉದ್ದದ ಸ್ಟಡ್ ಹಾಕಿಸಿ, ಇಲ್ಲವೇ ಸ್ಪೇಸರ್ ತೆಗೆಯಿರಿ. ಬೋಲ್ಟ್ ಇರುವ ಸ್ಲಾವಿಯಾ, ವರ್ಟಸ್‌ನಲ್ಲಿ ತೊಂದರೆ ಇನ್ನೊಂದು ದಿಕ್ಕಿನದು: ಉದ್ದ ಹೆಚ್ಚಾದರೆ ಬೋಲ್ಟ್‌ನ ತುದಿ ಹಿಂದಿನ ಡ್ರಮ್ಮಿನ ಒಳಭಾಗಗಳಿಗೆ ತಾಗುತ್ತದೆ. ಜಾಕ್ ಇಳಿಸುವ ಮೊದಲು ಚಕ್ರವನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಕಿವಿಗೊಡಿ.

ಟಾರ್ಕ್ ರೆಂಚ್ ಬೇಕೇ ಬೇಕು. ಸಿಟಿಗೆ 108 ನ್ಯೂಟನ್ ಮೀಟರ್, ಉಳಿದವಕ್ಕೆ ಕಾರಿನ ಮ್ಯಾನುಯಲ್‌ನಲ್ಲಿರುವಷ್ಟು. ನಕ್ಷತ್ರದ ಕ್ರಮದಲ್ಲಿ, ಎರಡು ಹಂತದಲ್ಲಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ, ಅಂದರೆ ಮಂಗಳೂರಿನಿಂದ ಹೊರಟು ಉಡುಪಿ ಮುಟ್ಟಿದ ಮೇಲೆ.

ಮಳೆಯಲ್ಲಿ ಎಳೆತ, ಗುಂಯ್ ಸದ್ದು

ಸ್ಟೇರಿಂಗ್ ತಿರುಗುವ ಅಕ್ಷ ನೆಲಕ್ಕೆ ತಾಗುವ ಬಿಂದುವಿಗೂ ಟಯರ್‌ನ ನಡುಬಿಂದುವಿಗೂ ಇರುವ ಅಂತರವನ್ನು ಕಂಪನಿ ಲೆಕ್ಕ ಹಾಕಿ ಇಟ್ಟಿರುತ್ತದೆ. ಇಟಿ 45ರಿಂದ 30ಕ್ಕೆ ಇಳಿದರೆ ಟಯರ್‌ನ ನಡುಬಿಂದು 15 ಮಿ.ಮೀ. ಹೊರಗೆ ಹೋಗುತ್ತದೆ. ಆಮೇಲೆ ರಸ್ತೆಯಂಚಿನ ನೀರಿಗೆ ಎಡಚಕ್ರವೊಂದೇ ಇಳಿದಾಗ ಆ ನೀರಿನ ತಡೆ ಸ್ಟೇರಿಂಗನ್ನು ಎಡಕ್ಕೆ ಕಿತ್ತುಕೊಳ್ಳುತ್ತದೆ. ರಸ್ತೆಯ ಗೆರೆ, ಸೀಳುಗಳನ್ನು ಹಿಂಬಾಲಿಸುತ್ತ ಕಾರು ಓಲಾಡುವುದಕ್ಕೂ ಇದೇ ಕಾರಣ. ಅಲೈನ್‌ಮೆಂಟ್ ಒಮ್ಮೆ ಮಾಡಿಸಿ ನೋಡಿ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ತಪ್ಪಿದ್ದರೆ ಅದು ಸರಿಹೋಗುತ್ತದೆ. ಆದರೆ ಈ 15 ಮಿ.ಮೀ. ಅಲೈನ್‌ಮೆಂಟ್‌ನಿಂದ ವಾಪಸ್ ಬರುವುದಿಲ್ಲ. ಮೂಲ ಇಟಿಗೂ ಹೊಸ ಇಟಿಗೂ ವ್ಯತ್ಯಾಸ 5ರಿಂದ 8 ಮಿ.ಮೀ. ಮೀರದಿರುವುದು ಕ್ಷೇಮ.

ವೇಗದ ಜೊತೆ ಏರುವ ಗುಂಯ್ ಸದ್ದು ಬೇರಿಂಗ್‌ನದ್ದೋ ಟಯರ್‌ನದ್ದೋ ತಿಳಿಯಲು ಉದ್ದದ ತಿರುವಿನಲ್ಲಿ ಗಮನಿಸಿ. ಬಲಕ್ಕೆ ತಿರುಗುವಾಗ ಸದ್ದು ಹೆಚ್ಚಿದರೆ ಎಡ ಬೇರಿಂಗ್, ಎಡಕ್ಕೆ ತಿರುಗುವಾಗ ಹೆಚ್ಚಿದರೆ ಬಲ. ತಿರುವಿನಲ್ಲಿ ಬದಲಾಗದೆ, ರಸ್ತೆಯ ಮೇಲ್ಮೈ ಬದಲಾದಾಗ ಬದಲಾದರೆ ಟಯರ್.

ಕಾಗದಪತ್ರದ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಬಾಡಿಯಿಂದ ಹೊರಗೆ ಚಾಚಿದ ಟಯರ್ ದೂರದಿಂದಲೇ ಕಾಣುವ ವಸ್ತು. ತಲಪಾಡಿ ದಾಟಿ ಕೇರಳದ ಕಾಸರಗೋಡಿನ ಕಡೆ ಆಗಾಗ ಹೋಗುವವರು ಇದನ್ನು ಮೊದಲೇ ಯೋಚಿಸಬೇಕು. ಲಿಪ್‌ಗಿಂತ ಹೊರಗೆ ಬರದ ಚಕ್ರವನ್ನೇ ಆರಿಸಿ, ವಿಮಾ ಕಂಪನಿಗೆ ಬರೆದು ತಿಳಿಸಿ.

ಕೊನೆಗೆ ಸ್ಟೆಪ್ನಿ. ಅದು ಕಂಪನಿಯ ಚಕ್ರ, ಅದಕ್ಕೆ ಕಂಪನಿಯ ನಟ್ ಅಥವಾ ಬೋಲ್ಟೇ ಆಗಬೇಕು. ಒಂದು ಚಕ್ರಕ್ಕಾಗುವಷ್ಟು ಹಳೆಯ ನಟ್‌ಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಜಾಕ್ ಪಕ್ಕದಲ್ಲಿಡಿ. ಹೊಸ ನಟ್‌ಗೆ ತೆಳು ಗೋಡೆಯ ಪಾನಾ ಬೇಕಾಗಿದ್ದರೆ ಅದನ್ನೂ ಅಲ್ಲೇ ಇಡಿ. ಕಂಪನಿಯ ಪಾನಾ ಅಲಾಯ್‌ನ ಕಿರಿದಾದ ತೂತಿಗೆ ಇಳಿಯುವುದಿಲ್ಲ ಎಂಬುದು ಚಾರ್ಮಾಡಿಯ ತಿರುವಿನಲ್ಲಿ, ಮಳೆಯಲ್ಲಿ, ಪಂಕ್ಚರ್ ಆದಾಗ ಗೊತ್ತಾಗಬಾರದು. ಮನೆಯಂಗಳದಲ್ಲೇ ಒಮ್ಮೆ ನಾಲ್ಕೂ ಚಕ್ರದ ನಟ್‌ಗೆ ಹಾಕಿ ನೋಡಿಕೊಳ್ಳಿ.